ಟಿ420 ಕೆಲಸದ ದಿನಚರಿ: ಕೆಟ್ಟ ಡಿಸ್ಕು, ತಾಳಮದ್ದಳೆ ಮತ್ತು ಮಳೆಗಾಲದ ಕರೆಂಟು

ಶನಿವಾರ, ತೀರ್ಥಹಳ್ಳಿ

ಚಿಕ್ಕಪ್ಪನ ಥಿಂಕ್‌ಪ್ಯಾಡ್ ಟಿ420, 2011ರ ಮಾದರಿ. ವಿಂಡೋಸ್ ಚಿಹ್ನೆವರೆಗೆ ಬಂದು ಅಲ್ಲೇ ನಿಲ್ಲುತ್ತೆ, ನಡುನಡುವೆ ಒಳಗಿಂದ ಟಕ್ ಟಕ್ ಸದ್ದು. 500 ಜಿಬಿ ಡಿಸ್ಕಿನಲ್ಲಿ ಅವರು ವರ್ಷಗಟ್ಟಲೆ ರೆಕಾರ್ಡ್ ಮಾಡಿದ ತಾಳಮದ್ದಳೆಗಳಿವೆ. ಬೇರೆಲ್ಲೂ ನಕಲಿಲ್ಲ. ಅದರಲ್ಲಿ ಅರ್ಥ ಹೇಳಿದ ಕೆಲವರು ಈಗ ಬದುಕಿಲ್ಲ. ಹಾಗಾಗಿ ಮೊದಲು ಡಿಸ್ಕಿನಲ್ಲಿರೋದು ಹೊರಗೆ ಬರಬೇಕು, ಲ್ಯಾಪ್‌ಟಾಪ್ ರಿಪೇರಿ ಆಮೇಲೆ.

ಪೇಟೆಯಲ್ಲಿ ಯಾರೋ "ಚೆಕ್‌ಡಿಸ್ಕ್ ಓಡಿಸಿ ನೋಡಿ" ಅಂದಿದ್ದರಂತೆ. "ಬೇಡ ಚಿಕ್ಕಪ್ಪ, ಆಫ್ ಮಾಡಿಟ್ಟುಬಿಡಿ, ನಾನೇ ಬರ್ತೀನಿ" ಅಂತ ಫೋನಿನಲ್ಲೇ ಹೇಳಿದ್ದೆ. ಚೆಕ್‌ಡಿಸ್ಕ್ ಅಂದರೆ ವಿಂಡೋಸಿನ ಡಿಸ್ಕ್ ಪರೀಕ್ಷೆಯ ಸಾಧನ; ರಿಪೇರಿಗೆ ಅಂತ ಓಡಿಸಿದರೆ ಡಿಸ್ಕಿನ ಮೇಲೆ ಬರೆಯುತ್ತೆ. ಓದಲಾಗದ ದಾಖಲೆಗಳನ್ನು ಕಿತ್ತೂ ಹಾಕಬಹುದು. ಕೆಡುತ್ತಿರುವ ಡಿಸ್ಕಿಗೆ ಉಳಿದಿರೋ ಆಯಸ್ಸನ್ನು ನಕಲು ತೆಗೆಯೋದಕ್ಕೇ ಬಳಸಬೇಕು.

ಪೆನ್‌ಡ್ರೈವ್‌ನಿಂದ ಲಿನಕ್ಸ್ ಮಿಂಟ್ (ವಿಂಡೋಸ್ ಬದಲಿಗೆ ಓಡಿಸಬಹುದಾದ ಕಾರ್ಯಾಚರಣಾ ವ್ಯವಸ್ಥೆ) ಬೂಟ್ ಮಾಡಿ ಸ್ಮಾರ್ಟ್ ವರದಿ, ಅಂದರೆ ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ, ತೆಗೆದೆ. ಅದರಲ್ಲಿ ಎರಡು ಸಾಲು ಮುಖ್ಯ: 5ನೇ ಸಂಖ್ಯೆಯದು ಈಗಾಗಲೇ ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳು (ಡಿಸ್ಕಿನ ಚಿಕ್ಕ ಚಿಕ್ಕ ತುಣುಕುಗಳು), 197ನೆಯದು ಓದಲಾಗದೆ ಬಾಕಿ ಬಿದ್ದವು. ಎರಡೂ ಸೊನ್ನೆ ಇರಬೇಕಿತ್ತು. ಇಲ್ಲಿ 197 ನೋಡನೋಡುತ್ತ ಏರುತ್ತಿದೆ. ಸಮಾಧಾನ ಏನೆಂದರೆ ಬಯಾಸ್ (ಆನ್ ಮಾಡಿದಾಗ ಮೊದಲು ಓಡುವ ತಂತ್ರಾಂಶ) ಇನ್ನೂ ಡಿಸ್ಕನ್ನು ಗುರುತಿಸುತ್ತಿದೆ. ಬರೀ ಟಕ್ ಟಕ್ ಅಂತಿದ್ದು ಗುರುತೇ ಸಿಗದಿದ್ದರೆ ಮುಟ್ಟದೆ ಡೇಟಾ ರಿಕವರಿ ಲ್ಯಾಬಿಗೇ ಕಳಿಸುತ್ತಿದ್ದೆ.

ಭಾನುವಾರ

ಇಡೀ ದಿನ ಡಿಡಿರೆಸ್ಕ್ಯೂ: ಕೆಡುತ್ತಿರುವ ಡಿಸ್ಕಿನ ಪೂರ್ತಿ ನಕಲನ್ನು ಒಂದೇ ದೊಡ್ಡ ಫೈಲಾಗಿ, ಅಂದರೆ ಇಮೇಜಾಗಿ, ತೆಗೆಯಬಲ್ಲ ಸಾಧನ. ಸಾಮಾನ್ಯ ಕಾಪಿ ಮಾಡಿದರೆ ಕೆಟ್ಟ ಸೆಕ್ಟರ್ ಸಿಕ್ಕಲ್ಲೇ ತಡಕಾಡುತ್ತ ಕೂರುತ್ತೆ. ಇದು ಹಾಗಲ್ಲ, ಮೊದಲ ಸುತ್ತಲ್ಲಿ ಸಲೀಸಾಗಿ ಬರೋದನ್ನೆಲ್ಲ ಬಾಚಿಕೊಂಡು ಕಷ್ಟದ ಜಾಗ ಹಾರಿಸಿ ಮುಂದೆ ಹೋಗುತ್ತೆ, ಆಮೇಲೆ ಬಿಟ್ಟದ್ದಕ್ಕೆ ವಾಪಸ್ ಬರುತ್ತೆ. ಎಲ್ಲಿ ಓದಿತು, ಎಲ್ಲಿ ಬಿಟ್ಟಿತು ಅನ್ನೋದನ್ನ ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತೆ.

ನಮ್ಮ ಕಡೆ ಈ ಮ್ಯಾಪ್ ಫೈಲಿನ ಬೆಲೆ ಬೇರೆಯೇ. ಹೊರಗೆ ಹೊಡೆದು ಬಡಿಯುವ ಮಳೆ, ಎಲ್ಲೋ ಲೈನ್ ಮೇಲೆ ಮರ ಬಿದ್ದು ಮಧ್ಯಾಹ್ನ ಕರೆಂಟ್ ಹೋಯ್ತು. ಲ್ಯಾಪ್‌ಟಾಪಿನ ಬ್ಯಾಟರಿ ಯಾವತ್ತೋ ಸತ್ತಿದೆ. ಸಂಜೆ ಕರೆಂಟ್ ಬಂದ ಮೇಲೆ ಅದೇ ಆಜ್ಞೆ ಮತ್ತೆ ಕೊಟ್ಟೆ, ನಿಂತಲ್ಲಿಂದಲೇ ಮುಂದುವರಿಯಿತು. ಇದಕ್ಕೆ ಒಂದು ಷರತ್ತಿದೆ: ಮ್ಯಾಪ್ ಫೈಲ್ ಹೊರಗಿನ ಡಿಸ್ಕಿನಲ್ಲೇ ಇರಬೇಕು. ಪೆನ್‌ಡ್ರೈವ್‌ನಿಂದ ಓಡುವ ಲಿನಕ್ಸ್ ತನ್ನ ಫೈಲುಗಳನ್ನು ರ‍್ಯಾಮಿನಲ್ಲಿ ಇಟ್ಟುಕೊಳ್ಳುತ್ತೆ, ಕರೆಂಟ್ ಹೋದರೆ ಅದೂ ಹೋಯ್ತು. ಹೊರಗಿನ 1 ಟಿಬಿ ಡಿಸ್ಕನ್ನು ಲಿನಕ್ಸಿನ ಎಕ್ಸ್‌ಟಿ4 ವಿಧಾನಕ್ಕೆ ಫಾರ್ಮ್ಯಾಟ್ ಮಾಡಿಕೊಂಡಿದ್ದೆ; ಫ್ಯಾಟ್32 ಆದರೆ 4 ಜಿಬಿಗಿಂತ ದೊಡ್ಡ ಫೈಲು ಹಿಡಿಸಲ್ಲ.

ಟಿ420ಯಲ್ಲಿ ಇರೋದೆಲ್ಲ ಯುಎಸ್‌ಬಿ 2.0. ಸೆಕೆಂಡಿಗೆ 30 ಎಂಬಿ ಆಸುಪಾಸು ಅಂದರೆ ಒಳ್ಳೇ ಡಿಸ್ಕಿಗೂ ನಾಲ್ಕೂವರೆ ತಾಸಿನ ಮೇಲೆ ಬೇಕು. ಕೊನೆಯ ಚೂರುಗಳಿಗೆ ರಾತ್ರಿಯೆಲ್ಲ ಹಿಡಿಯಿತು.

ಬುಧವಾರ, ಶಿವಮೊಗ್ಗ

ದುರ್ಗಿಗುಡಿಯಲ್ಲಿ ಸಾಟಾ ಎಸ್‌ಎಸ್‌ಡಿ (ಒಳಗೆ ತಿರುಗುವ ಭಾಗಗಳಿಲ್ಲದ ಡಿಸ್ಕು) ತಗೊಂಡೆ, 480 ಜಿಬಿಯದು. ಡಿಸ್ಕಿಂದ ಡಿಸ್ಕಿಗೆ ನೇರ ನಕಲು ಮಾಡುವವರು ಇಲ್ಲಿ ಎಚ್ಚರದಿಂದಿರಬೇಕು: 500 ಜಿಬಿಯ ನಕಲು 480ರಲ್ಲಿ ಕೂರಲ್ಲ. ನಾನು ಇಮೇಜ್ ತೆಗೆದು ಲಿನಕ್ಸ್ ಹೊಸದಾಗಿ ಹಾಕುತ್ತಿರೋದರಿಂದ ತೊಂದರೆಯಿಲ್ಲ. ಹಳೇ ವಿಂಡೋಸ್ 7ಗೆ 2020ರ ಜನವರಿಯಲ್ಲೇ ಬೆಂಬಲ ನಿಂತಿದೆ, ಅದನ್ನು ಮತ್ತೆ ಹಾಕೋ ಮನಸ್ಸಿಲ್ಲ.

ಬಿಚ್ಚುವ ಕೆಲಸ ಏನೂ ಇಲ್ಲ. ಬ್ಯಾಟರಿ ತೆಗೆದು, ಒಂದು ಸ್ಕ್ರೂ ಬಿಚ್ಚಿ, ಮುಚ್ಚಳ ತೆಗೆದರೆ ಡಿಸ್ಕು ಪಕ್ಕದಿಂದ ಜಾರಿಕೊಂಡು ಬರುತ್ತೆ. ಈ ತಯಾರಿಕೆಯ ಮೇಲೆ ನನಗೆ ನಿಜವಾದ ಗೌರವ. ಹಳೇ ಡಿಸ್ಕಿನ ದಪ್ಪ 9.5 ಮಿ.ಮೀ., ಎಸ್‌ಎಸ್‌ಡಿಯದು 7. ಸಡಿಲ ಆಗದಂತೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಿ ಅದೇ ರಬ್ಬರ್ ಹಳಿಗಳಲ್ಲಿ ಕೂರಿಸಿದೆ. ಬಯಾಸಿನಲ್ಲಿ ಸಾಟಾ ಡಿಸ್ಕಿಗೆ ಎಎಚ್‌ಸಿಐ ಅನ್ನೋ ವಿಧಾನ ಆಯ್ಕೆಯಾಗಿ ಇದೆಯೋ ನೋಡಿಕೊಂಡು ಮಿಂಟ್ ಹಾಕಿದೆ.

ಶುಕ್ರವಾರ ರಾತ್ರಿ

ಇಮೇಜನ್ನು ಓದಲು ಮಾತ್ರ ಬರುವಂತೆ ತೆರೆದು ಫೈಲುಗಳನ್ನು ಇಳಿಸಿಕೊಂಡೆ. ಯಾವ ಫೈಲಿಗೆ ಪೆಟ್ಟು ಬಿದ್ದಿದೆ ಅಂತ ತಿಳಿಯೋದಕ್ಕೂ ಡಿಡಿರೆಸ್ಕ್ಯೂನಲ್ಲೇ ದಾರಿಯಿದೆ: ಇಮೇಜಿನ ಇನ್ನೊಂದು ಪ್ರತಿಯಲ್ಲಿ ಓದಲಾಗದ ಜಾಗಗಳಿಗೆಲ್ಲ ಒಂದು ಗುರುತಿನ ಪದ ತುಂಬಿಸಿ, ಆ ಪದ ಇರುವ ಫೈಲುಗಳನ್ನು ಹುಡುಕೋದು. ಸಿಕ್ಕವು ಹೆಚ್ಚಿನವು ವಿಂಡೋಸಿನವೇ. ರೆಕಾರ್ಡಿಂಗುಗಳಲ್ಲಿ ಒಂದಕ್ಕೆ ಮಾತ್ರ ಪೆಟ್ಟು, ಕೃಷ್ಣ ಸಂಧಾನದ್ದು. ಎಂಪಿ3 ಆದ್ದರಿಂದ ಫೈಲು ಪೂರ್ತಿ ಹಾಳಾಗಿಲ್ಲ, ಕೌರವನ ಮಾತು ಒಂದು ಕಡೆ ತುಂಡಾಗಿ ಮುಂದಕ್ಕೆ ಹಾರುತ್ತೆ. ಕೇಳಿಸಿದಾಗ ಚಿಕ್ಕಪ್ಪ, "ಅಷ್ಟು ನಂಗೆ ಬಾಯಿಪಾಠ ಇದೆ ಮಾರಾಯ, ಉಳಿದದ್ದು ಬಂತಲ್ಲ" ಅಂದರು.

ಅವರು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಪ್ರಸಂಗಗಳ ಪಟ್ಟಿ ಮಿಂಟಿನಲ್ಲಿ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತಿದೆ. ಹಳೇ ಫಾಂಟಿನ ಬರಹ, ಯೂನಿಕೋಡ್ ಅಲ್ಲ. ಪರಿವರ್ತಕದಲ್ಲಿ ಹಾಕಿ, ಒತ್ತಕ್ಷರ ತಪ್ಪಿದಲ್ಲಿ ಕೈಯಿಂದ ತಿದ್ದಬೇಕು. ರೆಕಾರ್ಡಿಂಗುಗಳ ಎರಡನೇ ಪ್ರತಿ ಶಿವಮೊಗ್ಗದ ನಮ್ಮ ಮನೆಗೆ ಬಂದಿದೆ. ಹಳೇ ಡಿಸ್ಕನ್ನು ಎಸೆದಿಲ್ಲ: ಆ ಒಂದು ತುಂಡಿಗಾಗಿ ಡಿಸ್ಕನ್ನು ಕೊನೆಯಿಂದ ಮೊದಲಿನ ಕಡೆಗೆ ಓದಿಸುವ ಸುತ್ತು ಬಾಕಿಯಿದೆ, ಈ ಸಲ ಯುಪಿಎಸ್ ಇಟ್ಟುಕೊಂಡು.