ಪೋಡಿನಿಂದ ಬಂದವರ ನೋವನ್ನು ನಂಬುವುದು

ಪೋಡು ಎಂಬ ಪುಟ್ಟ ಕಾಡುಹಳ್ಳಿಗಳಲ್ಲಿ ವಾಸಿಸುವ ಬುಡಕಟ್ಟಿನವರಾದ ಸೋಲಿಗರು ಆಸ್ಪತ್ರೆಗೆ ತಡವಾಗಿ ಬರುವುದಕ್ಕೆ ಅವರ ಮೂಢನಂಬಿಕೆಯೇ ಕಾರಣವೆಂಬ ಮಾತನ್ನು ಚಾಮರಾಜನಗರ ಜಿಲ್ಲೆಯ ಕಾಡಂಚಿನಲ್ಲಿ ಶುಶ್ರೂಷಕಿಯಾಗಿರುವ ನಾನು ಪದೇ ಪದೇ ಕೇಳಿದ್ದೇನೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರಕ್ಕೆ ಇದೇ ಜನ ಚಿಕಿತ್ಸೆಗಾಗಿ ನಂಬಿಕೆಯಿಂದ ನಡೆದು ಬಂದಿರುವಾಗ, ಆ ಮಾತನ್ನು ನಾನು ಒಪ್ಪಲಾರೆ. ತಡವಾಗುವುದರಲ್ಲಿ ನಮ್ಮ ಪಾಲೂ ಇದೆಯೆಂಬುದನ್ನು ಸಿಕಲ್ ಸೆಲ್ ರೋಗಿಗಳ ಆರೈಕೆಯೇ ನನಗೆ ಕಲಿಸಿತು.

ತಂದೆ ತಾಯಿ ಇಬ್ಬರಿಂದಲೂ ಬರುವ ಈ ಕಾಯಿಲೆಯಲ್ಲಿ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುವುದರಿಂದ, ಕೈಕಾಲು, ಬೆನ್ನು, ಎದೆಯಲ್ಲಿ ತಡೆಯಲಾರದ ನೋವು ಕಾಣಿಸಿಕೊಳ್ಳುತ್ತದೆ. ಹೊರಗೆ ಗಾಯವಾಗಲಿ ಊತವಾಗಲಿ ಬಹಳ ಸಲ ಕಾಣುವುದೇ ಇಲ್ಲ. ಪೋಡಿನ ಯುವಕನೊಬ್ಬನನ್ನು ಬೇರೊಂದು ಆಸ್ಪತ್ರೆಯಲ್ಲಿ ಕುಡಿದು ಬಂದಿದ್ದಾನೆಂದು ಗದರಿಸಿ ವಾಪಸು ಕಳಿಸಿದ್ದರು. ನಮ್ಮಲ್ಲಿಗೆ ಬಂದಾಗ ಅವನ ಕಣ್ಣು ಹಳದಿಗಟ್ಟಿತ್ತು, ತುಟಿ ಒಣಗಿತ್ತು. ಏನು ಕೇಳಿದರೂ ತಲೆ ತಗ್ಗಿಸಿ 'ಹ್ಞೂಂ' ಎನ್ನುತ್ತಿದ್ದ. ಜೊತೆಗಿದ್ದ ಅಕ್ಕ, "ಅವ್ನು ಕುಡ್ದಿಲ್ಲ ಸಿಸ್ಟರ್, ಮೂಳೆ ಒಳಗೇ ಕುಟ್ದಂಗಾಯ್ತದಂತೆ" ಎಂದರು. ಆ ಒಂದು ಮಾತಿನಲ್ಲಿ ರೋಗದ ಲಕ್ಷಣವೆಲ್ಲ ಇತ್ತು. ಡ್ರಿಪ್, ನೋವಿನ ಔಷಧಿ, ರಕ್ತಪರೀಕ್ಷೆ ಎಲ್ಲವೂ ಅದರ ಮೇಲೆಯೇ ಆರಂಭವಾದವು.

ರಕ್ತಹೀನತೆಯ ವಿಷಯದಲ್ಲೂ ಇದೇ ಕಥೆ. ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಕಬ್ಬಿಣಾಂಶದ ಮಾತ್ರೆ ಕೊಡುವುದು ನಮಗೆ ರೂಢಿ. ಏರದಿದ್ದರೆ ಮಾತ್ರೆ ನುಂಗಿಲ್ಲವೆಂದು ಗರ್ಭಿಣಿಯನ್ನೇ ಬೈಯುತ್ತೇವೆ. ಸಿಕಲ್ ಸೆಲ್ ಕಾಯಿಲೆಯಲ್ಲಿ ರಕ್ತಕಣಗಳು ಬೇಗ ಒಡೆಯುವುದೇ ಮೂಲ ಕಾರಣವಾದ್ದರಿಂದ, ಎಷ್ಟು ಮಾತ್ರೆ ನುಂಗಿದರೂ ಅದು ಸರಿಹೋಗುವುದಿಲ್ಲ. ಹಾಗೆ ಬೈಸಿಕೊಂಡವಳು ಮುಂದಿನ ತಪಾಸಣೆಗೆ ಬಾರದಿದ್ದರೆ, ಅದನ್ನು ಅವಳ ಸಂಪ್ರದಾಯದ ತಲೆಗೆ ಕಟ್ಟುವುದು ಅನ್ಯಾಯ.

2023ರ ಜುಲೈನಲ್ಲಿ ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಿಂದ ಬುಡಕಟ್ಟು ಪ್ರದೇಶಗಳಲ್ಲಿ ತಪಾಸಣೆ ಹೆಚ್ಚಿದೆ, ತಪಾಸಣೆಯ ಫಲಿತಾಂಶ ತಿಳಿಸುವ ಕಾರ್ಡುಗಳೂ ಕೈಸೇರುತ್ತಿವೆ. ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ, ಅಂದರೆ ತಮಗೆ ಕಾಯಿಲೆಯಿಲ್ಲದಿದ್ದರೂ ಅದರ ವಂಶವಾಹಿಯನ್ನು ಹೊತ್ತವರಾಗಿದ್ದರೆ, ಪ್ರತಿ ಗರ್ಭದಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ 25 ಎಂಬುದನ್ನು ಮಾತ್ರ ಕಾರ್ಡು ಕೊಟ್ಟು ಮುಗಿಸಲಾಗದು. ಪೋಡಿನ ಹಿರಿಯರ ಜೊತೆ, ಅದೇ ಸಮುದಾಯದ ಆಶಾ ಕಾರ್ಯಕರ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮದುವೆಯ ಮಾತುಕತೆಗೆ ಮೊದಲೇ ಆಡಬೇಕಾದ ಮಾತು ಅದು.

ಈಗ ನಾನು ಯಾರನ್ನೇ ದೊಡ್ಡಾಸ್ಪತ್ರೆಗೆ ಕಳಿಸುವಾಗಲೂ ಚೀಟಿಯ ಮೇಲ್ಭಾಗದಲ್ಲೇ ಸಿಕಲ್ ಸೆಲ್ ಎಂದು ಬರೆದು, ಅಲ್ಲಿನ ಸಿಸ್ಟರ್‌ಗೆ ಮೊದಲೇ ಫೋನು ಮಾಡುತ್ತೇನೆ. ಈ ನೋವು ಪದೇ ಪದೇ ಬರುವುದನ್ನು ಕಡಿಮೆ ಮಾಡುವ ಹೈಡ್ರಾಕ್ಸಿಯೂರಿಯಾ ಮಾತ್ರೆ ಪ್ರತಿ ತಿಂಗಳೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗುವಂತಾಗಬೇಕು. ಅದಕ್ಕಾಗಿ ಕೂಲಿ ಬಿಟ್ಟು, ಬಸ್ಸು ಕಾದು ಜಿಲ್ಲಾ ಕೇಂದ್ರಕ್ಕೆ ಹೋಗುವ ಸ್ಥಿತಿ ಯಾವ ರೋಗಿಗೂ ಬರಬಾರದು.