ಪಠ್ಯಪುಸ್ತಕವಿಲ್ಲದ ಕನ್ನಡ: ಆಷಾಢದಿಂದ ಸಂಕ್ರಾಂತಿಯವರೆಗೆ

ಎಲ್ಲಿಗೆ ಬಂತು ನಿಮ್ಮ ಕನ್ನಡ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಒಂಬತ್ತು ವರ್ಷದ ಮಗಳು ಈಗ ಅರ್ಧ ಪುಟ ತಾನೇ ಬರೆಯುತ್ತಾಳೆ, ಬರೆದದ್ದನ್ನು ಆಯಿಯ, ಅಂದರೆ ಅಜ್ಜಿಯ, ಮುಂದೆ ಕೂತು ಗಟ್ಟಿಯಾಗಿ ಓದುತ್ತಾಳೆ. ಆಷಾಢದಲ್ಲಿ ಶುರು ಮಾಡಿದಾಗ ಕನ್ನಡ ಅವಳ ಬಾಯಲ್ಲಿತ್ತು, ಕೈಗೆ ಇಳಿದಿರಲಿಲ್ಲ. ಸೋಲಾಪುರದಲ್ಲಿ ಇದ್ದಷ್ಟು ದಿನ ಮರಾಠಿ ಶಾಲೆ. ವಿಜಯಪುರಕ್ಕೆ ಬಂದ ಮೇಲೆ ಒಂದು ವರ್ಷ ಮನೆಯಲ್ಲೇ ಓದಿಸೋಣ ಎಂದುಕೊಂಡೆವು. ಲೆಕ್ಕ, ವಿಜ್ಞಾನ ಅವರಪ್ಪನ ಪಾಲು. ಭಾಷೆ ನನ್ನದು.

ಪಠ್ಯಪುಸ್ತಕ ಇಟ್ಟುಕೊಂಡಿಲ್ಲ, ವೇಳಾಪಟ್ಟಿಯೂ ಇಲ್ಲ. ಮೊದಲು ಕೇಳಬೇಕು, ಕೇಳಿದ್ದನ್ನು ತನ್ನ ಮಾತಲ್ಲಿ ಹೇಳಬೇಕು, ಆಮೇಲೆ ಬರೆಯಬೇಕು. ಈ ಕ್ರಮ ಒಂದನ್ನು ಮಾತ್ರ ಬಿಟ್ಟಿಲ್ಲ.

ಆಷಾಢ, ಶ್ರಾವಣ

ಮರಾಠಿ ಓದಲು ಬರುತ್ತಿದ್ದದ್ದು ದೊಡ್ಡ ಅನುಕೂಲವಾಯಿತು. ಕ ಖ ಗ ಘ ಙ, ಅದೇ ಸಾಲು, ಅದೇ ವರ್ಗ. ಳ ಕೂಡ ಮರಾಠಿಯಲ್ಲಿ ಇದೆ. ಹೊಸದಾಗಿ ಕಲಿಯಬೇಕಾಗಿ ಬಂದದ್ದು ಎರಡು. ಒಂದು, ಎ-ಏ ಮತ್ತು ಒ-ಓ. ದೇವನಾಗರಿಯಲ್ಲಿ ಮರಾಠಿ ಬರೆಯುವಾಗ ಈ ಹ್ರಸ್ವ-ದೀರ್ಘಗಳಿಗೆ ಬೇರೆ ಬೇರೆ ಅಕ್ಷರವಿಲ್ಲ. ಹಾಗಾಗಿ ಹೊಲದಲ್ಲಿರುವ ತೊಗರಿ ಬೆಳೆ, ಗಡಿಗೆಯಲ್ಲಿ ಕುದಿಯುವ ತೊಗರಿ ಬೇಳೆ, ಎರಡನ್ನೂ ಒಂದೇ ಥರ ಬರೆಯುತ್ತಿದ್ದಳು. ನಮ್ಮ ಕಡೆ ಮಾತಿನಲ್ಲಿ ಅದು ‘ಬ್ಯಾಳಿ’ ಆಗುವುದರಿಂದ ಕಿವಿಯ ಸಹಾಯವೂ ಪೂರ್ತಿ ಸಿಗುವುದಿಲ್ಲ. ಬೆಳೆ-ಬೇಳೆ, ಕೊಡು-ಕೋಡು, ಎಳೆ-ಏಳು ಎಂದು ಪಾಟಿಯ ಮೇಲೆ ಜೋಡಿ ಜೋಡಿಯಾಗಿ ಬರೆಸಿದೆ.

ಎರಡನೆಯದು ಒತ್ತಕ್ಷರ. ದೇವನಾಗರಿಯಲ್ಲಿ ಸಾಮಾನ್ಯವಾಗಿ ಮೊದಲ ವ್ಯಂಜನ ಅರ್ಧವಾಗುತ್ತದೆ, ಕನ್ನಡದಲ್ಲಿ ಎರಡನೆಯದು ಕೆಳಗಿಳಿದು ಕೂರುತ್ತದೆ. ಇದಕ್ಕೆ ನಮ್ಮ ಬಸ್ ಸ್ಟ್ಯಾಂಡಿಗಿಂತ ಒಳ್ಳೆಯ ಪಾಠಶಾಲೆ ನನಗೆ ಕಾಣಲಿಲ್ಲ. ಬಸ್ಸಿನ ಬೋರ್ಡು ಓದುವುದೇ ಕೆಲಸ. ಇಂಡಿ, ಸಿಂದಗಿ, ಚಡಚಣ, ತಾಳಿಕೋಟಿ ಸಲೀಸು. ಮುದ್ದೇಬಿಹಾಳದಲ್ಲಿ ದಕಾರಕ್ಕೆ ದಕಾರದ್ದೇ ಒತ್ತು, ದೇವರ ಹಿಪ್ಪರಗಿಯಲ್ಲಿ ಪಕಾರಕ್ಕೆ ಪಕಾರದ್ದು. ಬಬಲೇಶ್ವರ, ಕೊಲ್ಹಾರ ಬಂದಾಗ ನಿಂತಳು, ಏಕೆಂದರೆ ಅಲ್ಲಿ ಒತ್ತು ಬೇರೆ ಅಕ್ಷರದ್ದು. ಸಜಾತಿ, ವಿಜಾತಿ ಎಂಬ ಹೆಸರು ನಾನು ಆವತ್ತು ಹೇಳಲಿಲ್ಲ. ಮನೆಗೆ ಬಂದ ಮೇಲೆ ಊರುಗಳನ್ನು ಅವಳೇ ಎರಡು ಗುಂಪು ಮಾಡಿದಳು, ಆಮೇಲೆ ಗುಂಪಿಗೆ ಹೆಸರು ಕೊಟ್ಟೆ. ವ್ಯಾಕರಣ ಹೀಗೇ ಬರಬೇಕು ಎನ್ನುವುದು ನನ್ನ ಗಟ್ಟಿ ನಂಬಿಕೆ. ವಸ್ತು ಕೈಗೆ ಸಿಗಬೇಕು, ಹೆಸರು ಹಿಂದಿನಿಂದ ಬರಬೇಕು.

ಓದಲಿಕ್ಕೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಮಟ್ಟಕ್ಕೆ ತಕ್ಕಂತೆ ಕನ್ನಡ ಕತೆಗಳು ಪುಕ್ಕಟೆ ಸಿಗುತ್ತವೆ. ಮೊದಲನೆಯ ಮಟ್ಟದವನ್ನು ಬೇಗ ಮುಗಿಸಿದಳು.

ದಸರೆಯಿಂದ ದೀಪಾವಳಿ

ಇಲ್ಲಿಂದ ನಿಜವಾದ ಕೆಲಸ ಹಿಡಿದುಕೊಂಡಿತು. ಈ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಅವರ ಗೆಳೆಯರು ಬೀಸುವಾಗ, ಕುಟ್ಟುವಾಗ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ ಪುಸ್ತಕ ಮಾಡಿದರು. ಈ ಕತೆ ಮಗಳಿಗೆ ಹೇಳಿದೆ. ಅವಳು ನೆಟ್ಟಗೆ ಕೇಳಿದ್ದು, “ಮತ್ತ ನಮ್ಮ ಆಯಿ ಹಾಡೋದು ಯಾರ ಬರಕೊಂಡಾರ?”

ಯಾರೂ ಬರೆದುಕೊಂಡಿರಲಿಲ್ಲ. ಅವತ್ತೇ ಒಂದು ಇನ್ನೂರು ಪುಟದ ವಹಿ ತಂದೆವು.

ಆಯಿ ಹೇಳುತ್ತಾಳೆ, ಮಗಳು ಬರೆಯುತ್ತಾಳೆ. ಶಾಲೆಯವರು ಉಕ್ತಲೇಖನ ಎನ್ನುವುದು ಇದನ್ನೇ, ಆದರೆ ಇಲ್ಲಿ ಹೇಳುವವಳಿಗೆ ಹೇಳುವ ಆಸೆ ಇದೆ, ಬರೆಯುವವಳಿಗೆ ಗೊತ್ತು ಮಾಡಿಕೊಳ್ಳುವ ಆಸೆ ಇದೆ. ಮೊದಲಿಗೆ ಪದ, ಅಂದರೆ ಹಾಡು, ಬೇಡ, ರೊಟ್ಟಿ ಹೇಗೆ ಮಾಡುವುದು ಹೇಳವ್ವಾ ಎಂದೆವು. ಮಗಳ ವಹಿಯಲ್ಲಿ ಇದ್ದ ಹಾಗೇ ಇಡುತ್ತೇನೆ:

“ಆಯಿ ಹಿಟ್ಟಿನಾಗ ಎಸರು ಹಾಕತಾಳ. ಕೈ ಸುಡತದ ಅಂತಾಳ ಆದ್ರ ನಾದತಾಳ. ಬಡಿತಾಳ. ಹಂಚಿಗೆ ಹಾಕಿ ಮ್ಯಾಲ ನೀರು ಸವರತಾಳ.”

ಈ ವಹಿಯಲ್ಲಿ ನಾನು ಕೆಂಪು ಪೆನ್ನು ಆಡಿಸುವುದಿಲ್ಲ. ‘ಹಾಕತಾಳ’ ತಪ್ಪಲ್ಲ, ಅದು ನಮ್ಮ ಮನೆಯ ಕನ್ನಡ. ಇನ್ನೊಂದು ವಹಿ ಇದೆ, ಅದಕ್ಕೆ ಪಕ್ಕಾ ವಹಿ ಎಂದು ಹೆಸರು. ವಾರಕ್ಕೊಮ್ಮೆ ಅದರಲ್ಲಿ ಇದೇ ಸಂಗತಿಯನ್ನು ಓದುಬರಹದ ಕನ್ನಡದಲ್ಲಿ ಬರೆಯುತ್ತಾಳೆ: ‘ಆಯಿ ಹಿಟ್ಟಿಗೆ ಎಸರು ಹಾಕುತ್ತಾಳೆ.’ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತ ನೋಡುತ್ತ ‘ತಾಳ’ ಇದ್ದಲ್ಲೆಲ್ಲ ‘ುತ್ತಾಳೆ’, ‘ನಾಗ’ ಇದ್ದಲ್ಲಿ ‘ಅಲ್ಲಿ’ ಅಥವಾ ‘ಗೆ’ ಬರುತ್ತದೆ ಎಂದು ಅವಳೇ ಹಿಡಿದಳು. ಕ್ರಿಯಾಪದ, ವಿಭಕ್ತಿ ಇಷ್ಟರಲ್ಲೇ ಬಂದುಹೋದವು. ಮಗುವಿನ ಮನೆಮಾತನ್ನು ಮೊದಲು ತಿದ್ದಿ ಆಮೇಲೆ ಬರೆಯಲು ಹೇಳಿದರೆ ಅದಕ್ಕೆ ಬರೆಯಲು ಏನೂ ಉಳಿಯುವುದಿಲ್ಲ. ಉತ್ತರ ಕರ್ನಾಟಕದ ತಾಯಂದಿರು ಇದನ್ನೊಂದು ಗಮನಕ್ಕೆ ತಂದುಕೊಳ್ಳಬೇಕು ಎಂದು ಕೈಮುಗಿದು ಕೇಳುತ್ತೇನೆ.

ರೊಟ್ಟಿಯ ಬೆನ್ನಿಗೇ ಒಗಟು ಬಂತು, ಪೂರ್ತಿ ಅವಳದೇ: “ಬಡದರ ಹಿಗ್ಗತಾಳ, ಬೆಂಕಿ ಕಂಡರ ಉಬ್ಬತಾಳ, ಯಾರಾಕಿ?” ಆಯಿ ಓಣಿಯ ತುಂಬ ಇದನ್ನು ಕೇಳಿಕೊಂಡು ಬಂದಳು.

ಎಳ್ಳಮಾವಾಸ್ಯೆ

ಹೊಲಕ್ಕೆ ಹೋದೆವು. ಸಜ್ಜಿ ರೊಟ್ಟಿ, ಬದನೆಕಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ ಎಲ್ಲ ಬುಟ್ಟಿಯಲ್ಲಿ. ಚರಗ, ಅಂದರೆ ಹೊಲಕ್ಕೆ ಕೊಡುವ ನೈವೇದ್ಯ, ಚೆಲ್ಲುವಾಗ ಕೂಗುವ ಕೂಗನ್ನು ಬರೆದುಕೊಂಡು ಬಾ ಎಂದು ಮಗಳಿಗೆ ಹೇಳಿದ್ದೆ. ಒಬ್ಬರ ಬಾಯಲ್ಲಿ ‘ಹುಲಿಗ್ಯೋ’, ಇನ್ನೊಬ್ಬರ ಬಾಯಲ್ಲಿ ‘ಹುಲ್ಲುಲ್ಲಿಗ್ಯೋ’. ಯಾವುದು ಸರಿ ಎಂದು ಅಜ್ಜನನ್ನು ಕೇಳಿದಳು. “ಎರಡೂ ಬರಿಯವ್ವಾ, ಹೊಲಕ್ಕ ಎರಡೂ ತಿಳೀತಾವ” ಎಂದರು. ಎರಡನ್ನೂ ಬರೆದಳು, ಯಾರು ಹೇಗೆ ಕೂಗಿದರು ಎಂದು ಮುಂದೆ ಅವರವರ ಹೆಸರನ್ನೂ ಹಾಕಿದಳು. ‘ಗ್ಯೋ’ ಬರೆಯಲು ಗಕಾರಕ್ಕೆ ಯಕಾರದ ಒತ್ತು ಕೊಟ್ಟು ಓತ್ವ ಹಾಕಬೇಕು. ಅದನ್ನು ನಾನು ಕೇಳದೆಯೇ ಸರಿಯಾಗಿ ಬರೆದಿದ್ದಳು.

ಅದೇ ವಾರ ಗೋಲಗುಮ್ಮಟ. ಗುಮ್ಮಟದ ಬುಡದ ಸುತ್ತುಮೊಗಸಾಲೆಯಲ್ಲಿ ನಿಂತು ಚಪ್ಪಾಳೆ, ಕೆಮ್ಮು, ಕಾಗದ ಹರಿಯುವ ಸಪ್ಪಳ ಹೇಗೆ ಕೇಳುತ್ತವೆ ಎಂದು ಬರೆಯುವುದು ಕೆಲಸ. ಚಟಚಟ, ಗುಂಯ್, ಪರ್ ಎಂದು ಅನುಕರಣ ಶಬ್ದಗಳ ಒಂದು ಪಟ್ಟಿ ಆಯಿತು. ಗದ್ದಲ ಬಹಳ ಇದ್ದುದರಿಂದ ಹೆಚ್ಚು ಹೊತ್ತು ನಿಲ್ಲಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೋಗುವುದು ಒಳ್ಳೆಯದು.

ಸಂಕ್ರಾಂತಿ ಮುಗಿದ ಮೇಲೆ

ಸಿದ್ಧೇಶ್ವರ ಜಾತ್ರೆಗೆ ಬಂದ ನೆಂಟರ ಜೊತೆ ಬಾದಾಮಿಗೆ ಹೋದೆವು. ಅಗಸ್ತ್ಯ ತೀರ್ಥದ ಮೇಲಿನ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ, ಸುಮಾರು ಕ್ರಿ.ಶ. 700ರದ್ದು. ತ್ರಿಪದಿಯ ಅತಿ ಹಳೆಯ ರೂಪ ಸಿಗುವುದು ಅದರಲ್ಲೇ. ಹಳೆಯ ಲಿಪಿ ಅವಳಿಗೆ ಓದಲು ಬರಲಿಲ್ಲ, ನನಗೂ ಬರುವುದಿಲ್ಲ. ಈಗಿನ ಅಕ್ಷರದಲ್ಲಿ ಬರೆದುಕೊಂಡು ಹೋಗಿದ್ದ ಚೀಟಿ ಕೊಟ್ಟೆ:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಒಳ್ಳೆಯವರಿಗೆ ಒಳ್ಳೆಯವನು, ಕಾಡುವವರಿಗೆ ಕಲಿಯುಗದಲ್ಲಿ ಎದ್ದು ನಿಂತವನು, ಇವನು ಮಾಧವನೇ ಎಂದು ಅರ್ಥ ಹೇಳಿದೆ. ಎರಡು ಸಲ ಗಟ್ಟಿಯಾಗಿ ಓದಿದಳು. ಮೂರನೆಯ ಸಲ ಓದುವಾಗ ಬೆರಳಿಟ್ಟು ತೋರಿಸಿದಳು: “ಅವ್ವಾ, ಮೂರೂ ಸಾಲಿನಾಗ ಎರಡನೇ ಅಕ್ಷರ ಧ ಅದ.” ಸಾಧು, ಬಾಧಿಪ್ಪ, ಮಾಧವ. ಆದಿಪ್ರಾಸ ಎಂಬ ಮಾತು ನಾನು ಎತ್ತಿರಲೇ ಇಲ್ಲ. ಮನೆಗೆ ಬಂದವಳೇ ಆಯಿಯ ವಹಿ ತೆಗೆದು ಅಲ್ಲಿನ ಹಾಡುಗಳಲ್ಲಿ ಎರಡನೆಯ ಅಕ್ಷರ ಹುಡುಕುತ್ತ ಕೂತಳು. ಎಷ್ಟೋ ಕಡೆ ಸಿಕ್ಕಿತು, ಕೆಲವು ಕಡೆ ಇಲ್ಲ. ಸಿಗದಿದ್ದ ಕಡೆ ಆಯಿಯನ್ನು ಮತ್ತೆ ಹಾಡಿಸಿ ನೋಡಿದಾಗ ಒಂದೆರಡು ಸಾಲು ತಾನೇ ಕಿವಿತಪ್ಪಿ ಬರೆದುಕೊಂಡದ್ದು ಗೊತ್ತಾಯಿತು. ತಿದ್ದಿಕೊಂಡಳು. ಈ ಆರು ತಿಂಗಳ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಖುಷಿ ಕೊಟ್ಟದ್ದು ಅದು.

ಮಹಾಪ್ರಾಣ ಇನ್ನೂ ಸ್ಥಿರವಾಗಿಲ್ಲ. ಬಾಯಲ್ಲಿ ಸ್ಪಷ್ಟ, ಬರೆಯುವಾಗ ಹೊಟ್ಟೆ ಸೀಳುವುದು ಕೆಲವೊಮ್ಮೆ ಬಿಟ್ಟುಹೋಗುತ್ತದೆ. ಅರ್ಕಾವತ್ತು ಈಗಷ್ಟೇ ಶುರು. ಉದ್ದ ಕತೆ ಓದುವಾಗ ಮಧ್ಯದಲ್ಲಿ ದಣಿಯುತ್ತಾಳೆ, ಅದಕ್ಕೆ ಒಂದು ಪುಟ ಅವಳು, ಒಂದು ಪುಟ ನಾನು ಎಂದು ಮಾಡಿಕೊಂಡಿದ್ದೇವೆ.

ಯುಗಾದಿಯವರೆಗೆ ಪತ್ರ ಬರೆಯುವುದು. ಜಮಖಂಡಿಯ ಸೋದರತ್ತೆಗೆ ಮೊದಲ ಕಾರ್ಡು ಹೋಗಿದೆ. ಅತ್ತೆಯ ಉತ್ತರವೂ ಬಂತು: ತನ್ನ ಅತ್ತೆಗೂ ಬೀಸುವ ಪದ ಬರುತ್ತವೆ, ವಹಿ ತಗೊಂಡು ಬೇಸಿಗೆಗೆ ಬಾ ಎಂದು ಬರೆದಿದ್ದಾರೆ. ಇನ್ನೊಂದು ವಹಿ ಕೊಳ್ಳಬೇಕು.