ಹಲಸಿನ ಹಪ್ಪಳ, ಮೂರನೇ ವರ್ಷ: ಲೇಬಲ್ ಕೊನೆಗೂ ಸರಿಯಾಯಿತು

ತೊಳೆ ಬೇಯಿಸುವುದು, ಅರೆಯುವುದು, ಒತ್ತುವುದು, ಚಾಪೆಯಲ್ಲಿ ಒಣಗಿಸುವುದು ಎಲ್ಲ ನಿಮಗೆ ಗೊತ್ತಿರುವುದೇ. ಮಳೆ ಹಿಡಿಯುವ ಮೊದಲೇ ಈ ವರ್ಷದ ಹಪ್ಪಳ ಡಬ್ಬಿ ಸೇರಿತು. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿಯೂ ಆಯಿತು, 14 ಅಂಕಿಯ ಸಂಖ್ಯೆ ಕೈಗೆ ಬಂತು. ಒಂದೂವರೆ ತಿಂಗಳು ನಿದ್ದೆಗೆಡಿಸಿದ್ದು ಲೇಬಲ್.

ಮೊದಲ ಲೇಬಲ್ ಪೂರ್ತಿ ಕನ್ನಡದಲ್ಲೇ ಮಾಡಿಸಿದ್ದೆ. ಅಷ್ಟು ಆಸೆಯಿತ್ತು. 500 ಪ್ರತಿ. ಉಡುಪಿಯ ರಥಬೀದಿ ಹತ್ತಿರದ ಒಂದು ಅಂಗಡಿಗೆ ಪ್ಯಾಕೆಟ್ ಹಿಡಿದುಕೊಂಡು ಹೋದೆ. ಅಂಗಡಿಯವರು ಹಿಂದೆ ಮುಂದೆ ತಿರುಗಿಸಿ ನೋಡಿ, "ಚಂದ ಉಂಟು ಮಾರಾಯ್ರೆ, ಆದ್ರೆ ಇಂಗ್ಲಿಷ್ ಇಲ್ಲದೆ ಇಡ್ಲಿಕ್ಕೆ ಆಗುದಿಲ್ಲ" ಅಂದರು.

ಮನೆಗೆ ಬಂದು ನಿಯಮ ತೆಗೆದು ಓದಿದೆ. ಅವರು ಹೇಳಿದ್ದೇ ಸರಿ. ಪ್ಯಾಕ್ ಮಾಡಿದ ಸರಕಿನ 2011ರ ನಿಯಮ, ಆಹಾರದ ಲೇಬಲ್‌ಗಳ 2020ರ ನಿಯಮ, ಎರಡೂ ಒಂದೇ ಮಾತು ಹೇಳುತ್ತವೆ. ಕಡ್ಡಾಯ ವಿವರಗಳು ಇಂಗ್ಲಿಷ್‌ನಲ್ಲೋ ದೇವನಾಗರಿ ಲಿಪಿಯ ಹಿಂದಿಯಲ್ಲೋ ಇರಲೇಬೇಕು. ಕನ್ನಡವನ್ನು ಜೊತೆಗೆ ಹಾಕಬಹುದು, ಅದೊಂದೇ ಸಾಲದು. ಉಡುಪಿಯಲ್ಲೇ ಮಾಡಿ ಉಡುಪಿಯಲ್ಲೇ ಮಾರುವ ಹಪ್ಪಳಕ್ಕೂ ಹೀಗಾ? ನನಗೆ ಈಗಲೂ ಬೇಜಾರಿದೆ.

ಸರಿ, ಇಂಗ್ಲಿಷ್ ವಿವರದ ಚಿಕ್ಕ ಸ್ಟಿಕ್ಕರ್ ಪಕ್ಕದಲ್ಲಿ ಹಚ್ಚಿದರಾಯಿತು ಅಂದುಕೊಂಡೆ. ಅದೂ ನಡೆಯುವುದಿಲ್ಲ. ಕಡ್ಡಾಯ ವಿವರ ತಿದ್ದಲು, ಸೇರಿಸಲು ಬಿಡಿ ಸ್ಟಿಕ್ಕರ್ ಹಚ್ಚುವಂತಿಲ್ಲ. ಎಂಆರ್‌ಪಿ ಇಳಿಸುವಾಗ ಹಚ್ಚಬಹುದು, ಅದೂ ಹಳೆ ಬೆಲೆ ಮುಚ್ಚದ ಹಾಗೆ. 500 ಲೇಬಲ್ ರದ್ದಿಗೆ ಹೋಯಿತು.

ಎರಡನೇ ಸಲ ಪ್ರೆಸ್‌ನವರು ಸತಾಯಿಸಿದರು. ಶುಕ್ರವಾರ ಅಂದವರು ಕೊಟ್ಟದ್ದು ಮುಂದಿನ ಬುಧವಾರ. ನಾನು ಯೂನಿಕೋಡ್‌ನಲ್ಲಿ ಕಳಿಸಿದ್ದನ್ನು ಅವರ ಹಳೆ ಫಾಂಟ್‌ಗೆ ಬದಲಿಸುವಾಗ ಒತ್ತಕ್ಷರ ಉದುರಿತ್ತು. ದಪ್ಪ ಹಸಿರು ಅಕ್ಷರದಲ್ಲಿ "ಹಪಳ"! ಅಕ್ಷರಗಳನ್ನೆಲ್ಲ ಔಟ್‌ಲೈನ್ ಮಾಡಿ, ಅಂದರೆ ಫಾಂಟ್ ಬೇಡದ ಚಿತ್ರದ ಹಾಗೆ ಬದಲಿಸಿ, ಪಿಡಿಎಫ್ ಕೊಟ್ಟ ಮೇಲೆ ಸರಿಬಂತು. ನೀವೂ ಮೊದಲೇ ಹಾಗೆ ಕೊಡಿ.

ತೂಕದ ಕಥೆ ಬೇರೆ. ನಮ್ಮಲ್ಲಿ ಹಪ್ಪಳ ಎಣಿಸಿ ಕೊಡುವುದು, 25ರ ಕಟ್ಟು. ಲೇಬಲ್‌ಗೆ ಗ್ರಾಂ ಬೇಕು. ಅಡುಗೆಮನೆಯ ತಕ್ಕಡಿ ಆಗುವುದಿಲ್ಲ, ಕಾನೂನು ಮಾಪನ ಇಲಾಖೆಯ ಮುದ್ರೆ ಬಿದ್ದದ್ದೇ ಬೇಕು. ನನ್ನದು 200 ಗ್ರಾಂಗೆ 120 ರೂಪಾಯಿ. ಅದರ ಜೊತೆ ಗ್ರಾಂಗೆ 60 ಪೈಸೆ ಅಂತಲೂ ಬರೆಯಬೇಕು. ಇದನ್ನು ಮರೆಯಬೇಡಿ, ನನ್ನ ಮೊದಲ ಲೇಬಲ್‌ನಲ್ಲಿ ಇದೂ ಇರಲಿಲ್ಲ. ಜಿಎಸ್‌ಟಿ ತಲೆಬಿಸಿ ಇಲ್ಲ, ಹಪ್ಪಳಕ್ಕೆ ತೆರಿಗೆ ಸೊನ್ನೆ.

ಅಂದ ಹಾಗೆ, ಮುಂದಿನದು ಮಟ್ಟುಗುಳ್ಳದ, ಅಂದರೆ ಉಡುಪಿ ಹತ್ತಿರದ ಮಟ್ಟು ಊರಿನ ಬದನೆಯ ಬಾಳಕ! ಎರಡು ಸಲ ಒಣಗಿಸಿ ನೋಡಿದೆ, ಕರಿದಾಗ ಏನು ರುಚಿ ಅಂತೀರಿ. ಆದರೆ ಮಟ್ಟುಗುಳ್ಳಕ್ಕೆ ಜಿಐ ಮಾನ್ಯತೆ ಇದೆ, ಅಂದರೆ ಆ ಹೆಸರು ಆ ಊರಿನ ಬೆಳೆಗೆ ಮಾತ್ರ. ಬೇರೆ ಊರಿನ ಬದನೆ ಒಣಗಿಸಿ ಆ ಹೆಸರು ಹಾಕಿದರೆ ಅಪರಾಧ. ಹಾಕಲೂಬಾರದು, ಅದು ಆ ಊರಿನವರ ಬೆವರು. ಈ ಸಲ ಲೇಬಲ್ ಮಾಡಿಸುವ ಮೊದಲೇ ಮಟ್ಟುವಿನ ಬೆಳೆಗಾರರ ಹತ್ತಿರ ಹೋಗಿ ಕೇಳುತ್ತೇನೆ.

ಹೊಸ ಲೇಬಲ್‌ನಲ್ಲಿ ಮೇಲೆ ದೊಡ್ಡದಾಗಿ ಕನ್ನಡ, ಕೆಳಗೆ ಇಂಗ್ಲಿಷ್ ವಿವರ, ಮೂಲೆಯಲ್ಲಿ ಹಸಿರು ಚೌಕದೊಳಗೆ ಹಸಿರು ಚುಕ್ಕಿ. ನಿನ್ನೆ ಅದೇ ಅಂಗಡಿಯವರು 20 ಪ್ಯಾಕೆಟ್ ಇಟ್ಟುಕೊಂಡರು. ಸಂಜೆ ಫೋನ್ ಬಂತು, ಇನ್ನೂ 40 ಬೇಕಂತೆ.